ಗುಂಡನ ಉಸಿರು ಎಣಿಸಿದ ದಸರಾ

ಫಿನಾಯಿಲ್ ವಾಸನೆ ಬಂದರೆ ನನಗೆ ದಸರಾ ನೆನಪಾಗುತ್ತದೆ. ಬೇರೆಯವರಿಗೆ ಸೇವಂತಿಗೆಯೋ ಕರ್ಪೂರವೋ ಬೇಕು, ನನಗೆ ಇದೇ ಸಾಕು. ಮೊನ್ನೆ ಕಾಲೇಜಿನ ಸ್ಟಾಫ್ ರೂಮಿನ ಹೊರಗೆ ಹೊಸದಾಗಿ ಸೇರಿದ ಆಯಾ ಬಕೆಟ್ಟಿಗೆ ಧಾರಾಳವಾಗಿ ಫಿನಾಯಿಲ್ ಸುರಿದು ನೆಲ ಒರೆಸುತ್ತಿದ್ದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಜೇಬಿನ ಮೊಬೈಲಿಗೆ ಹೋಯಿತು. ಅಕ್ಕನಿಗೆ ಫೋನ್ ಮಾಡಿ "ಎಷ್ಟು ಬಂತು?" ಎಂದು ಕೇಳಬೇಕು ಅನಿಸಿತು. ಕೇಳುವುದಕ್ಕೆ ಈಗ ಏನೂ ಉಳಿದಿಲ್ಲ ಎಂದು ಹೊಳೆಯುವ ಹೊತ್ತಿಗೆ ಮೊಬೈಲ್ ಕೈಗೆ ಬಂದಾಗಿತ್ತು.

ನಾವಿರುವುದು ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ. ನಾವು ಅಂದರೆ ನಾನು ಮತ್ತು ನನ್ನ ಕಮಲಕ್ಕ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ, ಅಕ್ಕ ಸ್ಕೂಲಿನಲ್ಲಿ ಟೀಚರಾಗಿದ್ದು ರಿಟೈರ್ ಆದವಳು. ಇಬ್ಬರಿಗೂ ಮದುವೆಯಿಲ್ಲ. ಯಾಕೆ ಎಂದು ಕೇಳಿದವರಿಗೆ ಅಕ್ಕ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: "ನನಗೆ ಯಾರೂ ಹಿಡಿಸ್ಲಿಲ್ಲ, ಇವನು ಯಾರಿಗೂ ಹಿಡಿಸ್ಲಿಲ್ಲ." ನಾನು ಹುಟ್ಟಾ ಗಾಬರಿಯವನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೋಡುವುದಕ್ಕೆ ಬಸ್ ಸ್ಟಾಪಿನಿಂದ ಮನೆಗೆ ವಾಪಸ್ ಬರುವ ಪೈಕಿ. ಅಕ್ಕ ಇದಕ್ಕೆ ತದ್ವಿರುದ್ಧ. ಅವಳಿಗೆ ಮಡಿ, ಪೂಜೆ, ಒಪ್ಪತ್ತಿನ ಊಟ ಇವು ಸರಿಯಾಗಿ ನಡೆದರೆ ಉಳಿದದ್ದೆಲ್ಲ ತಾನಾಗಿ ನಡೆಯುತ್ತದೆ ಅನ್ನುವ ಧೈರ್ಯ.

ಗುಂಡ ನಮ್ಮ ನಾಯಿ. ಬಿಳಿ ಪಾಮೆರೇನಿಯನ್. ಮಹಡಿಯ ಬಾಡಿಗೆಯವರು ಅಪಾರ್ಟ್‌ಮೆಂಟಿಗೆ ಹೋಗುವಾಗ "ಒಂದು ವಾರ ನೋಡ್ಕೊಳಿ, ಬಂದು ಕರ್ಕೊಂಡು ಹೋಗ್ತೀವಿ" ಎಂದು ಮರಿಯನ್ನು ನಮ್ಮ ಕೈಗೆ ಕೊಟ್ಟು ಹೋದರು. ಆ ಒಂದು ವಾರ ಹನ್ನೊಂದು ವರ್ಷವಾದರೂ ಮುಗಿದಿರಲಿಲ್ಲ. ಅಕ್ಕ ಮೊದಲು "ಆ ನಾಯಿ" ಎನ್ನುತ್ತಿದ್ದಳು. ಆಮೇಲೆ "ನಿನ್ನ ನಾಯಿ" ಆಯಿತು. ಕೊನೆಗೆ "ನಮ್ಮ ಗುಂಡನಿಗೆ ಹಾಗಲಕಾಯಿ ಆಗಲ್ಲ" ಎಂದು ಪಕ್ಕದ ಮನೆಯವರಿಗೆ ಹೇಳುವ ಮಟ್ಟಕ್ಕೆ ಬಂದಳು.

ಆ ವರ್ಷ ಶ್ರಾವಣದಲ್ಲಿ ಗುಂಡನಿಗೆ ಕೆಮ್ಮು ಶುರುವಾಯಿತು. ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು, ಇಡೀ ಬೀದಿ ಕೆಮ್ಮುತ್ತಿತ್ತು, ಅವನೂ ಕೆಮ್ಮಿದರೆ ಏನು ವಿಶೇಷ ಅಂದುಕೊಂಡೆವು. ಅಕ್ಕ ಜೇನುತುಪ್ಪದಲ್ಲಿ ಶುಂಠಿ ತೇಯ್ದು ನೆಕ್ಕಿಸಿದಳು. ತೆಂಗಿನ ನಾರು ಗಂಟಲಿಗೆ ಸಿಕ್ಕಿಕೊಂಡಿರಬೇಕು ಎಂದು ನಾನು ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದೆ. ಅವನು ಕೆಮ್ಮಿ ಕೆಮ್ಮಿ, ಕೊನೆಗೆ ಏನನ್ನೋ ಕಕ್ಕುವವನಂತೆ ಕತ್ತು ಚಾಚಿ, ಏನೂ ಬರದೆ ನಮ್ಮ ಮುಖ ನೋಡುತ್ತಿದ್ದ. ಒಂದು ಸಂಜೆ ಬ್ಯೂಗಲ್ ರಾಕ್ ಕಡೆ ವಾಕಿಂಗ್ ಹೋದಾಗ ದಾರಿಯ ಮಧ್ಯದಲ್ಲೇ ಕೂತುಬಿಟ್ಟ. ಏಳು ಅಂದರೆ ಏಳಲಿಲ್ಲ. ಮೊಂಡುತನವಲ್ಲ, ಅವನ ಕೈಲಿ ಆಗುತ್ತಿರಲಿಲ್ಲ. ಎತ್ತಿಕೊಂಡು ಮನೆಗೆ ಬರುವಾಗ ಅವನ ಎದೆ ನನ್ನ ಅಂಗೈಯಲ್ಲಿ ಒಂದೇ ಸಮನೆ ಗಡಗಡ ಅನ್ನುತ್ತಿತ್ತು. ನನಗೆ ನಿಜವಾದ ಭಯ ಶುರುವಾದದ್ದು ಅವತ್ತು.

ಚಾಮರಾಜಪೇಟೆಯಲ್ಲಿ ನಂದಿನಿ ಎನ್ನುವ ಪಶುವೈದ್ಯೆಯ ಕ್ಲಿನಿಕ್ ಇತ್ತು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಸ್ಟೆತಾಸ್ಕೋಪನ್ನು ಗುಂಡನ ಎಡಪಕ್ಕೆಗೆ ಒತ್ತಿ ಹಿಡಿದು ಬಹಳ ಹೊತ್ತು ಕೇಳಿಸಿಕೊಂಡರು. ಆಕೆ ಕೇಳಿಸಿಕೊಂಡಷ್ಟೂ ನನ್ನ ಎದೆ ಜೋರಾಗಿ ಹೊಡೆದುಕೊಂಡಿತು, ಆಕೆಗೆ ಕೇಳಿಸುತ್ತಿರುವುದು ನಾಯಿಯದೋ ನನ್ನದೋ ಅನ್ನುವ ಅನುಮಾನವೇ ಬಂತು. ಆಮೇಲೆ ಸ್ಟೆತಾಸ್ಕೋಪನ್ನು ನನ್ನ ಕಿವಿಗೆ ಕೊಟ್ಟರು.

"ಲಬ್ ಡಬ್ ಕೇಳ್ತಿದೆಯಾ ಸಾರ್?"

ಕೇಳಲಿಲ್ಲ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿನಿಂದ ಹಬೆ ಸೋರುವ ಹಾಗೆ ಶ್ಶ್, ಶ್ಶ್ ಎಂದು ಒಂದೇ ಸದ್ದು.

"ಹೃದಯದ ಎಡಗಡೆ ಎರಡು ಕೋಣೆ ಇರತ್ತೆ, ಮೇಲೊಂದು ಕೆಳಗೊಂದು. ಮಧ್ಯದಲ್ಲಿ ಕವಾಟ, ಬಾಗಿಲು ಅಂದ್ಕೊಳಿ. ಚಿಕ್ಕ ಜಾತಿ ನಾಯಿಗಳಿಗೆ ವಯಸ್ಸಾದ್ಮೇಲೆ ಆ ಬಾಗಿಲು ದಪ್ಪ ಆಗಿ ಸರಿಯಾಗಿ ಮುಚ್ಚಲ್ಲ. ಮುಂದಕ್ಕೆ ಹೋಗ್ಬೇಕಾದ ರಕ್ತ ಹಿಂದಕ್ಕೆ ಸೋರತ್ತೆ. ಹೃದಯ ದೊಡ್ಡದಾಗಿ ಉಸಿರಿನ ಕೊಳವೆ ಒತ್ತತ್ತೆ, ಅದಕ್ಕೇ ಕೆಮ್ಮು."

"ಹೊಸ ಬಾಗಿಲು ಹಾಕಕ್ಕೆ ಆಗಲ್ವಾ?" ಎಂದಳು ಅಕ್ಕ, ನಮ್ಮ ಬಚ್ಚಲುಮನೆ ಬಾಗಿಲಿನ ವಿಷಯ ಬಡಗಿಗೆ ಕೇಳುವ ಧಾಟಿಯಲ್ಲೇ.

"ಹೊರದೇಶದಲ್ಲಿ ಕೆಲವು ಕಡೆ ಆಪರೇಷನ್ ಮಾಡ್ತಾರೆ ಅಮ್ಮ. ನಮಗೆ ಮಾತ್ರೆನೇ ಗತಿ. ಮಾತ್ರೆಯಿಂದ ಬಾಗಿಲು ರಿಪೇರಿ ಆಗಲ್ಲ, ಆದ್ರೆ ಇವನು ಆರಾಮಾಗಿರ್ತಾನೆ."

"ಎಷ್ಟು ದಿನ?" ಎಂದು ನಾನು ಕೇಳಿದೆ. ಡಾಕ್ಟರು ಕೈ ತೊಳೆಯುತ್ತ, "ಮೊದಲು ಎಕ್ಸ್‌ರೇ, ಸ್ಕ್ಯಾನ್ ಮಾಡ್ಸೋಣ ಸಾರ್" ಎಂದರು. ಅದು ಉತ್ತರವಲ್ಲ ಎಂದು ತಿಳಿಯುವಷ್ಟು ವರ್ಷ ನಾನೂ ಮೇಷ್ಟರಾಗಿದ್ದೇನೆ.

ಸ್ಕ್ಯಾನ್ ಮಾಡುವವರು ಮಲ್ಲೇಶ್ವರದಲ್ಲಿದ್ದರು. ಗುಂಡನ ಪಕ್ಕೆಯ ಕೂದಲನ್ನು ಅಂಗೈಯಗಲ ಬೋಳಿಸಿ, ಮಗ್ಗುಲಾಗಿ ಮಲಗಿಸಿ, ಜೆಲ್ಲಿ ಸವರಿದರು. ಅಕ್ಕ ಅವನ ಮುಂಗಾಲು ಹಿಡಿದುಕೊಂಡಿದ್ದಳು. ಪರದೆಯ ಮೇಲೆ ಬಾಗಿಲು ತೆಗೆಯುವುದೂ ಮುಚ್ಚುವುದೂ ಕಾಣಿಸಿತು. ಮುಚ್ಚಿದಾಗಲೆಲ್ಲ ಸಂದಿಯಿಂದ ಬಣ್ಣಬಣ್ಣದ ಒಂದು ಬುಗ್ಗೆ ಹಿಂದಕ್ಕೆ ಚಿಮ್ಮುತ್ತಿತ್ತು. ಅದು ಸೋರುತ್ತಿರುವ ರಕ್ತ ಎಂದು ಅವರು ತೋರಿಸಿದರು. ವಾಪಸ್ ಬರುವಾಗ ವೈಯಾಲಿಕಾವಲ್ ಹತ್ತಿರ ಮಳೆ ಹಿಡಿದು ಆಟೋ ನಿಂತಿತು. ಗುಂಡನ ಬೋಳು ಪಕ್ಕೆ ಸವರುತ್ತ ಅಕ್ಕ, "ಇಷ್ಟು ಚಿಕ್ಕ ಎದೆಯಲ್ಲಿ ಅಷ್ಟೆಲ್ಲ ಇದೆಯಲ್ಲೋ ಶೀನು" ಎಂದಳು. ನಾನು ಹ್ಞೂಂ ಅಂದೆ.

ಮೂರು ಬಗೆಯ ಮಾತ್ರೆ ಕೊಟ್ಟರು. ಹೃದಯದ ಹಿಂಡುವಿಕೆಗೆ ಬಲ ಕೊಡುವುದು ಒಂದು, ಅದು ಖಾಲಿ ಹೊಟ್ಟೆಗೆ. ರಕ್ತದ ಒತ್ತಡ ಇಳಿಸುವುದು ಇನ್ನೊಂದು. ಮೂರನೆಯದು ನೀರಿನ ಮಾತ್ರೆ. ಬಾಗಿಲು ಸೋರಿದಾಗ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಈ ಮಾತ್ರೆ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಉಪ್ಪು ಕೂಡದು. ಅಕ್ಕ ಅವನ ಅನ್ನಕ್ಕೆ ಉಪ್ಪು ಹಾಕುವುದನ್ನು ಬಿಟ್ಟಳು, ಕೈ ಅಭ್ಯಾಸ ತಪ್ಪಿ ನಮ್ಮ ಸಾರಿಗೂ ಹಾಕಲು ಮರೆಯತೊಡಗಿದಳು. ನಾನು ಸುಮ್ಮನೆ ಉಂಡೆ.

ಉಸಿರು ಎಣಿಸುವ ಕೆಲಸವನ್ನೂ ಡಾಕ್ಟರೇ ಹಚ್ಚಿದರು. ಗುಂಡ ನಿದ್ದೆಯಲ್ಲಿರುವಾಗ ಪಕ್ಕೆ ಮೇಲೆದ್ದು ಕೆಳಗಿಳಿದರೆ ಒಂದು. ನಿಮಿಷಕ್ಕೆ ಮೂವತ್ತರ ಒಳಗಿದ್ದರೆ ಯೋಚನೆಯಿಲ್ಲ, ದಾಟಿದರೆ ಫೋನ್ ಮಾಡಬೇಕು. ನನ್ನಂಥವನ ಕೈಗೆ ಇಂಥ ಕೆಲಸ ಕೊಡಬಾರದಿತ್ತು. ಬೆಳಿಗ್ಗೆ ಎದ್ದರೆ ಎಣಿಕೆ, ಕಾಲೇಜಿಗೆ ಹೊರಡುವಾಗ ಎಣಿಕೆ, ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿ "ಎಷ್ಟು ಬಂತು?" ಅಕ್ಕ ಬೆರಳಿನ ಗೆಣ್ಣುಗಳ ಮೇಲೆ ಜಪ ಎಣಿಸುವ ಹಾಗೆ ಎಣಿಸುತ್ತಿದ್ದಳು. "ಇಪ್ಪತ್ತಮೂರು. ಪಾಠ ಮಾಡು ಹೋಗು" ಎನ್ನುತ್ತಿದ್ದಳು. ಅವಳ ದನಿಯಲ್ಲಿ ಆ ಸಂಖ್ಯೆ ಕೇಳಿದರೆ ಅರ್ಧ ದಿನಕ್ಕೆ ಧೈರ್ಯ ಬರುತ್ತಿತ್ತು.

ಕೆಮ್ಮು ಇಳಿಯಿತು. ಆದರೆ ನೀರಿನ ಮಾತ್ರೆ ಅವನ ಮರ್ಯಾದೆ ತೆಗೆಯಿತು. ಹನ್ನೊಂದು ವರ್ಷ ಗೇಟಿನಾಚೆ ಹೋಗುವವರೆಗೆ ತಡೆದುಕೊಳ್ಳುತ್ತಿದ್ದ ಗುಂಡ, ಮಾತ್ರೆ ಹೋದ ಅರ್ಧ ಗಂಟೆಗೆ ಎಲ್ಲಿ ನಿಂತಿದ್ದರೆ ಅಲ್ಲೇ ಬಿಡುತ್ತಿದ್ದ. ಬಿಟ್ಟು, ತಲೆ ತಗ್ಗಿಸಿ, ಬಾಗಿಲ ಸಂದಿಗೆ ಹೋಗಿ ನಿಲ್ಲುತ್ತಿದ್ದ. ನಾವಿಬ್ಬರೂ ಬಟ್ಟೆ, ಬಕೆಟ್ಟು, ಫಿನಾಯಿಲ್ ಹಿಡಿದು ಅವನ ಹಿಂದೆ. ದೇವರ ಮನೆಯೊಂದನ್ನು ಬಿಟ್ಟು ಇಡೀ ಮನೆ ಆಸ್ಪತ್ರೆಯ ಕಾರಿಡಾರಿನ ಹಾಗೆ ನಾರತೊಡಗಿತು. ಅಕ್ಕ ಗೊಣಗಲಿಲ್ಲ. ಗೊಣಗದಿದ್ದುದೇ ನನಗೆ ಆಶ್ಚರ್ಯ.

ಹೀಗಿರುವಾಗ ದಸರಾ ಬಂತು. ನಮ್ಮ ಮನೆಯಲ್ಲಿ ಬೊಂಬೆ ಕೂರಿಸುವುದು ಅಜ್ಜಿಯ ಕಾಲದಿಂದ ಬಂದದ್ದು. ಅಮ್ಮ ತೀರಿಕೊಂಡ ವರ್ಷ ಬಿಟ್ಟರೆ ನಿಂತದ್ದಿಲ್ಲ. ಹಾಲಿನ ಮೂಲೆಯಲ್ಲಿ ಏಳು ಮೆಟ್ಟಿಲು, ಮೇಲೆ ಪಟ್ಟದ ರಾಜ ರಾಣಿ, ಕೆಳಗಿನ ಮೆಟ್ಟಿಲಿನಲ್ಲಿ ಅಕ್ಕಿ ಬೇಳೆಯ ಅಂಗಡಿ ಇಟ್ಟುಕೊಂಡ ಮಣ್ಣಿನ ಶೆಟ್ಟಿ ಮತ್ತು ಶೆಟ್ಟಮ್ಮ. ಆ ಮೂಲೆಯ ನೆಲ ತಂಪು, ವರ್ಷದ ಉಳಿದ ದಿನಗಳಲ್ಲಿ ಅದು ಗುಂಡನ ಜಾಗ. ಒಂಬತ್ತು ದಿನ ಅವನಿಗೆ ಅಡುಗೆಮನೆ ಪಕ್ಕದ ಓಣಿಯೇ ಗತಿ. ಆ ದಿನಗಳಲ್ಲಿ ಅಕ್ಕನ ಮಡಿಯೂ ಬಿಗಿ. ಒಂದೇ ಹೊತ್ತು ಊಟ, ಪೂಜೆ ಮುಗಿಯುವವರೆಗೆ ಗುಂಡನನ್ನು ಮುಟ್ಟುವಂತಿಲ್ಲ. ಬೆಳಗಿನ ಮಾತ್ರೆ ನನ್ನ ಪಾಲು. ಎರಡನೇ ವರ್ಷದವರಿಗೆ ರಜೆಯಲ್ಲೂ ಸ್ಪೆಷಲ್ ಕ್ಲಾಸ್ ಇದ್ದದ್ದರಿಂದ ಸಂಜೆಯ ಮಾತ್ರೆ ಅಕ್ಕನ ಪಾಲಿಗೆ ಬಿತ್ತು.

ಎರಡನೇ ದಿನವೇ ಸಂಜೆ ಹಿಂದಿನ ಬೀದಿಯ ಜಯಮ್ಮನವರು ಮೊಮ್ಮಕ್ಕಳನ್ನು ಕರೆದುಕೊಂಡು ಬೊಂಬೆ ನೋಡಲು ಬಂದರು. ಮಕ್ಕಳ ದನಿ ಕೇಳಿ ಗುಂಡ ಓಣಿಯಿಂದ ಓಡಿ ಬಂದ. ಬಾಲ ಆಡಿಸುತ್ತ ಕೆಳಗಿನ ಮೆಟ್ಟಿಲ ಮುಂದೆ ನಿಂತ, ಅಲ್ಲೇ ಬಿಟ್ಟ. ಕೆಂಪು ಗಾರೆಯ ನೆಲದಲ್ಲಿ ಒದ್ದೆ ಕಾಣುವುದಿಲ್ಲ. ಜಯಮ್ಮನವರು ರೇಷ್ಮೆ ಸೀರೆಯಲ್ಲಿ ಅದರ ಮೇಲೇ ಕಾಲಿಟ್ಟರು. ಅಷ್ಟರಲ್ಲಿ ಮೆಟ್ಟಿಲಿಗೆ ಹಾಸಿದ ಬಟ್ಟೆ ನೀರು ಹೀರಿಕೊಂಡು ಶೆಟ್ಟಮ್ಮನ ಹಸಿರು ಸೀರೆಯ ಬಣ್ಣ ಬಿಟ್ಟುಕೊಂಡಿತ್ತು. ಜಯಮ್ಮನವರು "ಪರವಾಗಿಲ್ಲ ಬಿಡಿ" ಎಂದರು, ಆದರೆ ಕುಂಕುಮ ತೆಗೆದುಕೊಳ್ಳುವಾಗಲೂ ಒಂದು ಕಾಲನ್ನು ಊರಿರಲಿಲ್ಲ. ಅವರು ಹೋದ ಮೇಲೆ ಅಕ್ಕ ನೆಲ ತೊಳೆದು, ಗಂಜಲ ಚಿಮುಕಿಸಿ, ಮತ್ತೆ ತಲೆಗೆ ಸ್ನಾನ ಮಾಡಿದಳು.

ಆಮೇಲಿನ ಸಂಜೆಗಳಲ್ಲಿ ನೆಲ ಒಣಗಿಯೇ ಇತ್ತು. ನಾನು ಪಾಠ ಮುಗಿಸಿ ಬರುವಾಗ ಹೆಂಗಸರು ಉಸಲಿ ತಿಂದು, ತಾಂಬೂಲ ಹಿಡಿದು ನಗುನಗುತ್ತ ಎದುರಾಗುತ್ತಿದ್ದರು. "ಗುಂಡ ಮಾತ್ರೆಗೆ ಹೊಂದ್ಕೊಂಡ ಹಾಗಿದೆ" ಎಂದೆ ನಾನು. ಅಕ್ಕ ಬೊಂಬೆಗಳ ಮುಂದಿನ ದೀಪ ಸರಿಮಾಡಿದಳು.

ಎಣಿಕೆ ಮಾತ್ರ ಏರುತ್ತಿತ್ತು. ಇಪ್ಪತ್ತೇಳು ಬಂತು, ಮೂವತ್ತೊಂದು ಬಂತು. "ಕನಸು ಬಿದ್ದಿರತ್ತೆ ಕಣೋ, ಇನ್ನೊಂದ್ಸಲ ಎಣಿಸು" ಎಂದಳು ಅಕ್ಕ. ಇನ್ನೊಂದು ಸಲ ಎಣಿಸಿದರೆ ಮೂವತ್ತಮೂರು. ಡಾಕ್ಟರಿಗೆ ಫೋನ್ ಮಾಡಿದೆ.

"ಮಾತ್ರೆ ಎರಡು ಹೊತ್ತೂ ಹೋಗ್ತಿದೆ ತಾನೆ ಸಾರ್?"

"ತಪ್ಪದೆ ಹೋಗ್ತಿದೆ" ಎಂದೆ, ಬಹಳ ಖಚಿತವಾಗಿ.

"ಹಾಗಾದ್ರೆ ನಾಳೆನೂ ಹೀಗೇ ಇದ್ರೆ ಕರ್ಕೊಂಡು ಬನ್ನಿ. ಡೋಸ್ ಜಾಸ್ತಿ ಮಾಡೋಣ."

ನಾಳೆ ಅಂದರೆ ಆಯುಧಪೂಜೆ. ಬೆಳಿಗ್ಗೆ ನಾನು ಸ್ಕೂಟರ್ ತೊಳೆದೆ. ಅಕ್ಕ ಅಮ್ಮನ ಹಳದಿ ರೇಷ್ಮೆ ಸೀರೆಯುಟ್ಟು ಮಿಕ್ಸಿಗೂ ಈಳಿಗೆ ಮಣೆಗೂ ಸ್ಕೂಟರಿಗೂ ಅರಿಶಿನ ಕುಂಕುಮ ಹಚ್ಚಿದಳು. ಪ್ರತಿ ವರ್ಷ ಬಾಳೆ ಕಂದನ್ನು ಮೂಸಿ ನೋಡಲು ಬರುತ್ತಿದ್ದ ಗುಂಡ ಈ ಸಲ ಬರಲಿಲ್ಲ. ಓಣಿಗೆ ಹೋಗಿ ನೋಡಿದರೆ ಅವನು ಮುಂಗಾಲುಗಳನ್ನು ಅಗಲಿಸಿ, ಕತ್ತು ಮುಂದಕ್ಕೆ ಚಾಚಿ ಕೂತಿದ್ದ. ಮಲಗಲು ಹೋಗುವನು, ಆಗದೆ ಮತ್ತೆ ಏಳುವನು. ಹೊಟ್ಟೆ ಒಂದೇ ಸಮನೆ ಒಳಗೆ ಹೊರಗೆ ಎಳೆಯುತ್ತಿತ್ತು. ಎಣಿಸಲು ಹೋದೆ, ಲೆಕ್ಕಕ್ಕೆ ಸಿಗಲಿಲ್ಲ. ತುಟಿ ಎತ್ತಿದರೆ ಒಸಡು ನೇರಳೆಗೆ ತಿರುಗಿತ್ತು.

"ಅಕ್ಕ, ಈಗಲೇ ಹೊರಡಬೇಕು" ಎಂದೆ. ಕೈಯಲ್ಲಿದ್ದ ನೈವೇದ್ಯದ ಪಾತ್ರೆಯನ್ನು ಅಕ್ಕ ಇದ್ದಲ್ಲೇ ಕೆಳಗಿಟ್ಟಳು. ಫೋನಿನಲ್ಲಿ ಡಾಕ್ಟರು, "ಕ್ಲಿನಿಕ್ಕಲ್ಲೇ ಪೂಜೆ ಮಾಡ್ತಿದೀವಿ, ಬಂದ್ಬಿಡಿ. ಎದೆ ಅಮುಕ್ಬೇಡಿ, ಅವನಿಗೆ ಗಾಬರಿ ಮಾಡ್ಬೇಡಿ" ಎಂದರು. ಗಾಬರಿ ಮಾಡಬೇಡಿ ಎಂದು ಹೇಳಿದ್ದು ನನಗೆ.

ಮೊಬೈಲಿನಲ್ಲಿ ಒಂದು ಆಟೋವೂ ಸಿಗಲಿಲ್ಲ. ರಸ್ತೆಯ ತಿರುವಿನಲ್ಲಿ ಆಟೋಗಳೆಲ್ಲ ಹಾರ ಹಾಕಿಸಿಕೊಂಡು ಸಾಲಾಗಿ ನಿಂತಿದ್ದವು. ಡ್ರೈವರುಗಳು ಬೂದುಗುಂಬಳ ಒಡೆಯುತ್ತಿದ್ದರು. ಒಬ್ಬ ಆಗ ತಾನೇ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದ. "ಚಾಮರಾಜಪೇಟೆಗೆ ಬರ್ತೀರಾ? ನಾಯಿಗೆ ಉಸಿರು ಕಟ್ಟಿದೆ" ಎಂದೆ. ಅವನು ಹೊಸ ಸೀಟ್ ಕವರ್ ನೋಡಿದ, ಅಕ್ಕನ ಕೈಯಲ್ಲಿದ್ದ ಗುಂಡನನ್ನು ನೋಡಿದ. "ಹತ್ತಿ ಸಾರ್. ಮೇಡಂ, ಆ ಬಾಳೆ ಕಂದು ಸ್ವಲ್ಪ ಸರಿಸ್ಕೊಳಿ" ಎಂದು ಗಾಡಿ ಸ್ಟಾರ್ಟ್ ಮಾಡಿದ. ರಸ್ತೆಯುದ್ದಕ್ಕೂ ಕುಂಬಳಕಾಯಿಯ ಚೂರು, ಎಲ್ಲಿ ಬ್ರೇಕ್ ಹಾಕಿದರೂ ಜಾರುತ್ತಿತ್ತು. ಗುಂಡನ ಮೂಗಿನ ತುದಿಯಲ್ಲಿ ನಸುಗೆಂಪು ನೊರೆ ಕಂಡಿತು. ಅಕ್ಕ ಅದನ್ನು ಸೆರಗಿನಿಂದ ಒರೆಸಿದಳು. ಮಡಿಯಲ್ಲಿದ್ದವಳು ಅವನನ್ನು ಎತ್ತಿಕೊಂಡಿದ್ದಾಳೆ ಎಂದು ನನಗೆ ಆಗ ಹೊಳೆಯಲಿಲ್ಲ. ಇವತ್ತು ಮುಗಿಯಿತು, ಇವತ್ತು ಮುಗಿಯಿತು ಅನ್ನುವುದೊಂದೇ ತಲೆಯಲ್ಲಿ ಓಡುತ್ತಿತ್ತು.

ಕ್ಲಿನಿಕ್ಕಿನಲ್ಲಿ ಆಕ್ಸಿಜನ್ ಸಿಲಿಂಡರಿಗೆ ಚೆಂಡು ಹೂವಿನ ಹಾರ ಹಾಕಿದ್ದರು. ಸ್ಟೆತಾಸ್ಕೋಪು ದೇವರ ಪಟದ ಮುಂದೆ, ಕುಂಕುಮ ಹಚ್ಚಿಸಿಕೊಂಡು ಹೂವಿನಡಿ ಇತ್ತು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟಬಾರದು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಡಾಕ್ಟರು ಹೂವನ್ನು ಪಕ್ಕಕ್ಕೆ ಸರಿಸಿ ಅದನ್ನು ಎತ್ತಿಕೊಂಡರು, ಹಾರವಿದ್ದ ಹಾಗೇ ಸಿಲಿಂಡರ್ ತಿರುಗಿಸಿದರು. ಅಕ್ಕ ಅದನ್ನೇ ನೋಡುತ್ತ ನಿಂತಿದ್ದಳು.

"ಶ್ವಾಸಕೋಶದಲ್ಲಿ ನೀರು ತುಂಬಿದೆ. ನೀರಿನ ಮಾತ್ರೆ ಏನಾದ್ರೂ ತಪ್ಪಿತ್ತಾ?"

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಅಕ್ಕ ಮೊದಲು ಮಾತಾಡಿದಳು.

"ಸಾಯಂಕಾಲದ್ದು ನಾನು ಕೊಡ್ತಿರ್ಲಿಲ್ಲ. ಬೊಂಬೆ ಮುಂದೆ ಒದ್ದೆ ಮಾಡ್ತಾನೆ, ಬಂದವರು ತುಳೀತಾರೆ ಅಂತ. ನಾನೂ ಒಪ್ಪತ್ತು ಇರ್ತೀನಲ್ಲ, ಒಂಬತ್ತು ದಿನ ಅವನಿಗೂ ಮಾತ್ರೆ ಒಂದು ಹೊತ್ತಾದ್ರೆ ಏನಾಗತ್ತೆ ಅಂದ್ಕೊಂಡೆ."

"ಮಣ್ಣಿನ ಶೆಟ್ಟಮ್ಮ ನೆನೀಬಾರ್ದು ಅಂತ ಇವನನ್ನ ಸಾಯಿಸ್ತಿದ್ಯಾ?" ಎಂದೆ. ಆ ದನಿಯಲ್ಲಿ ಅಕ್ಕನ ಜೊತೆ ನಾನು ಎಂದೂ ಮಾತಾಡಿದವನಲ್ಲ. ಅಕ್ಕ ನನ್ನ ಕಡೆ ನೋಡಲೇ ಇಲ್ಲ, ಗುಂಡನ ಕಿವಿ ಸವರುತ್ತಿದ್ದಳು.

"ಜಗಳ ಆಮೇಲೆ ಆಡಿ ಸಾರ್. ಈಗ ಕಾಲು ಹಿಡ್ಕೊಳಿ" ಎಂದು ಡಾಕ್ಟರು ಇಂಜೆಕ್ಷನ್ ಚುಚ್ಚಿದರು.

ಸ್ಟೀಲ್ ಟೇಬಲ್ಲಿನ ಮೇಲೆ ಗುಂಡ ಹೆದರಿ ಒದ್ದಾಡಿದ. ಒದ್ದಾಡಿದಷ್ಟೂ ಉಸಿರು ಕೆಡುತ್ತಿತ್ತು. ಅಕ್ಕನ ತೊಡೆಯ ಮೇಲೆ ಕೂರಿಸಿದರೆ ಸುಮ್ಮನಾದ. ಹಾಗೇ ಇರಲಿ ಎಂದು ಡಾಕ್ಟರು ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಿಡಿದರು. "ಇಂಜೆಕ್ಷನ್ ಕೆಲಸ ಮಾಡಿದ್ರೆ ಮೂತ್ರ ಬರತ್ತೆ. ಬಂದ್ರೆ ಬಚಾವ್. ಅಲ್ಲೀವರೆಗೂ ನಾನು ಏನೂ ಹೇಳಲ್ಲ."

ಅಲ್ಲಿಂದ ಕಾಯುವುದೊಂದೇ ಕೆಲಸ. ಹೊರಗೆ ಯಾರೋ ಕುಂಬಳಕಾಯಿ ಒಡೆದು ಚಪ್ಪಾಳೆ ತಟ್ಟಿದರು. ನಾನು ಗೋಡೆಗೆ ಒರಗಿ ನಿಂತು, ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನಾಯಿಯ ಉಚ್ಚೆಗಾಗಿ ಬೇಡಿಕೊಂಡೆ, ಅದಕ್ಕೆ ನಾಚಿಕೆಯಾಗಲಿಲ್ಲ. ಅಕ್ಕನ ತುಟಿಯೂ ಅಲ್ಲಾಡುತ್ತಿತ್ತು. ಗುಂಡ ಕಣ್ಣು ಮುಚ್ಚುವುದು, ನಾನು ಹತ್ತಿರ ಹೋಗುವುದು, ಅವನು ಮತ್ತೆ ಕಣ್ಣು ಬಿಡುವುದು, ಹೀಗೇ ನಡೆಯಿತು. ಡಾಕ್ಟರು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಎರಡನೆಯದು ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

"ಶೀನು" ಎಂದಳು ಅಕ್ಕ ಸಣ್ಣ ದನಿಯಲ್ಲಿ. "ಬಂತು ನೋಡು."

ಅಮ್ಮನ ಹಳದಿ ರೇಷ್ಮೆಯ ಮೇಲೆ ಒದ್ದೆ ಹರಡುತ್ತಿತ್ತು. ಮಡಿಲು ತುಂಬಿ, ಮೊಣಕಾಲಿನಿಂದ ಇಳಿದು, ಜರಿ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕ್ಲಿನಿಕ್ಕಿನ ನರ್ಸ್ ಬಟ್ಟೆ ಹಿಡಿದು ಓಡಿ ಬಂದು, "ಎದ್ದೇಳಿ ಅಮ್ಮ, ರೇಷ್ಮೆ ಸೀರೆ ಹಾಳಾಗತ್ತೆ" ಎಂದಳು.

"ಇರ್ಲಿ ಬಿಡಮ್ಮ" ಎಂದಳು ಅಕ್ಕ. "ಅವನು ಪೂರ್ತಿ ಮುಗಿಸ್ಲಿ." ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ, ಎರಡು ಕೈಯಲ್ಲೂ ಗುಂಡನಿದ್ದ.

ಅವತ್ತು ಅವನನ್ನು ಆಕ್ಸಿಜನ್ನಿನಲ್ಲೇ ಇಟ್ಟುಕೊಂಡು ಮಾರನೆಯ ದಿನ ಕಳಿಸಿಕೊಟ್ಟರು. ಕವಾಟ ರಿಪೇರಿಯಾಗಲಿಲ್ಲ, ಆಗುವುದೂ ಇರಲಿಲ್ಲ. ಆದರೂ ಅವನು ಮುಂದಿನ ದಸರಾವನ್ನೂ ನೋಡಿ, ಆಮೇಲಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಕ್ಕನ ಪಕ್ಕದಲ್ಲಿ ನಿದ್ದೆಯಲ್ಲೇ ಹೋದ. ಒಪ್ಪತ್ತಿನ ಮಾತ್ರೆಯ ವಿಷಯವನ್ನು ನಾನು ಮತ್ತೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಗುಂಡ ಮನೆಗೆ ಬಂದ ದಿನ ವಿಜಯದಶಮಿ. ಸಂಜೆ ಕೊನೆಯ ಆರತಿಗೆ ಹೆಂಗಸರು ಬರುವವರಿದ್ದರು. ಅಕ್ಕ ಕೆಳಗಿನ ಮೆಟ್ಟಿಲಿನ ಬೊಂಬೆಗಳನ್ನೆಲ್ಲ ಮೇಲಕ್ಕೆ ಒತ್ತರಿಸಿ, ಆ ಮೆಟ್ಟಿಲನ್ನೇ ತೆಗೆದಿಟ್ಟು, ನೆಲದ ಆ ತಂಪು ಜಾಗದಲ್ಲಿ ಹಳೆಯ ಹತ್ತಿ ಸೀರೆ ಮಡಿಸಿ ಹಾಸಿ, ಗುಂಡನನ್ನು ರಾಜ ರಾಣಿಯರ ಎದುರಿಗೇ ಮಲಗಿಸಿದಳು. ಹೊತ್ತಿಗೆ ಸರಿಯಾಗಿ ನೀರಿನ ಮಾತ್ರೆ ಕೊಟ್ಟಳು. ಗೇಟಿನ ಸದ್ದಾಯಿತು. ಜಯಮ್ಮನವರು ಹೊಸಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಅಕ್ಕ ಕುಂಕುಮದ ತಟ್ಟೆ ಹಿಡಿದು ಎದುರು ಹೋದಳು.

"ನೆಲ ಒದ್ದೆ ಇದೆ ಜಯಮ್ಮನವ್ರೆ, ಸೀರೆ ಸ್ವಲ್ಪ ಎತ್ತಿ ಹಿಡ್ಕೊಂಡು ಬನ್ನಿ" ಎಂದಳು. "ನಮ್ಮ ಗುಂಡ ಚೆನ್ನಾಗಿದಾನೆ."